ಮಾಲಗಾಂವದ ಹಿರಿಯರಿಗೆ ಆನ್‌ಲೈನ್ ಕಲಿಕೆಯ ಹನ್ನೆರಡು ಸೂತ್ರಗಳು

ಮಿರಜದಿಂದ ಪೂರ್ವಕ್ಕೆ ಹೊರಟರೆ ಸಿಗುವ ಮಾಲಗಾಂವ ಎಲೆಬಳ್ಳಿ ತೋಟಗಳ ಊರು. ತಾಲ್ಲೂಕಿನ ಈ ಭಾಗದ ಎಷ್ಟೋ ಮನೆಗಳಲ್ಲಿ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಇವತ್ತು ಅರವತ್ತೈದು, ಎಪ್ಪತ್ತರ ಆಸುಪಾಸಿನಲ್ಲಿರುವ ಹಿರಿಯರು ಶಾಲೆಗೆ ಹೋಗತೊಡಗಿದ್ದು 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯ ಆದಮೇಲೆ. ಓದಿದ್ದು ಹೆಚ್ಚಾಗಿ ಮರಾಠಿಯಲ್ಲಿ. ನಾಲ್ಕನೆಯ ಇಯತ್ತೆ ಮುಗಿಯುವ ಹೊತ್ತಿಗೆ ಗಂಡುಮಕ್ಕಳನ್ನು ತೋಟದ ಕೆಲಸ ಕರೆಯಿತು, ಹೆಣ್ಣುಮಕ್ಕಳಿಗೆ ಮದುವೆ ಗೊತ್ತಾಯಿತು. ಕಲಿಯುವ ಆಸೆ ಮಾತ್ರ ಹಾಗೇ ಉಳಿಯಿತು. ಕೀರ್ತನೆ, ಪುರಾಣ, ಪ್ರವಚನ ಎಲ್ಲಿ ನಡೆದರೂ ಮುಂದೆ ಬಂದು ಕೂತು ಕೇಳುವವರು ಇವರೇ.

ಈಗ ಕೈಗೆ ಸ್ಮಾರ್ಟ್‌ಫೋನ್ ಬಂದಿದೆ. ಮಗ, ಸೊಸೆ ತೋಟ ನೋಡಿಕೊಳ್ಳುತ್ತಾರೆ, ಮಧ್ಯಾಹ್ನ ಎರಡು ಗಂಟೆ ಬಿಡುವಿದೆ. ಸಂಗೀತ, ಲಿಪಿ, ಇತಿಹಾಸ, ವಚನ, ಬೇಸಾಯ, ಇಂಗ್ಲಿಷು, ಎಲ್ಲಕ್ಕೂ ಆನ್‌ಲೈನ್ ಪಾಠಗಳಿವೆ, ಬಹಳಷ್ಟು ಪುಕ್ಕಟೆ. ಸೇರುವವರು ಬಹಳ, ಕೊನೆಯವರೆಗೆ ಉಳಿಯುವವರು ಕಡಿಮೆ. ಬಿಟ್ಟವರನ್ನು ಕೇಳಿದರೆ ‘ವಯಸ್ಸಾತು’ ಅನ್ನುತ್ತಾರೆ. ಕಾರಣ ವಯಸ್ಸಲ್ಲ ಎಂದು ನಾನು ಖಂಡಿತವಾಗಿ ನಂಬುತ್ತೇನೆ. ಪಾಠ ದೂರದಿಂದ ಬರುತ್ತದೆ, ಆದರೆ ಜೊತೆಗೆ ಕೂತು ಕಲಿಯುವ ಬಳಗ ಊರಲ್ಲಿ ಇರುವುದಿಲ್ಲ. ಅದನ್ನು ಕಟ್ಟಿಕೊಂಡವರು ಉಳಿಯುತ್ತಾರೆ. ಕೆಳಗಿನ ಸೂತ್ರಗಳೆಲ್ಲ ಇದೇ ನಂಬಿಕೆಯಿಂದ ಹುಟ್ಟಿದವು.

1. ಒಂದೇ ವಿಷಯ ಹಿಡಿಯಿರಿ. ಅದು ನಿಮ್ಮ ಮನೆಯದ್ದಾಗಿರಲಿ.

ಯೋಗ, ಇಂಗ್ಲಿಷು, ಭಗವದ್ಗೀತೆ, ಮೊಬೈಲ್ ರಿಪೇರಿ ಎಂದು ಒಮ್ಮೆಗೇ ನಾಲ್ಕು ಕ್ಲಾಸಿಗೆ ಹೆಸರು ಹಚ್ಚಬೇಡಿ. ಬಹಳ ದಿನಗಳಿಂದ ಮನಸ್ಸಿನಲ್ಲಿ ಕೂತಿರುವ ಒಂದು ಪ್ರಶ್ನೆ ಯಾವುದು, ನೋಡಿಕೊಳ್ಳಿ.

ಟ್ರಂಕಿನಲ್ಲಿ ಅಜ್ಜನ ಕಾಲದ ಜಮೀನಿನ ಕಾಗದ ಇದೆಯೇ? ಅದು ಮೋಡಿ ಲಿಪಿಯಲ್ಲಿ ಇದ್ದೀತು. ಪಟವರ್ಧನರ ಸಂಸ್ಥಾನಗಳಾಗಿದ್ದ ಸಾಂಗಲಿ–ಮಿರಜ ಸೀಮೆಯಲ್ಲಿ ಲೆಕ್ಕ, ಪತ್ರ, ದಸ್ತಾವೇಜುಗಳಿಗೆ ಮೋಡಿಯೇ ಬಳಕೆಯಲ್ಲಿತ್ತು. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಅದು ಉಳಿದಿತ್ತು. ಅದನ್ನು ಕಲಿಸುವ ಆನ್‌ಲೈನ್ ತರಗತಿಗಳು ಮರಾಠಿಯಲ್ಲಿ ಸಿಗುತ್ತವೆ. ಮರಾಠಿ ಶಾಲೆಯಲ್ಲಿ ಓದಿದ ನಿಮಗೆ ಭಾಷೆ ಮೊದಲೇ ಗೊತ್ತು, ಲಿಪಿಯೊಂದನ್ನು ಕಲಿತರೆ ಅಜ್ಜನ ಸಹಿಯ ಮೇಲಿನ ಸಾಲುಗಳನ್ನು ನೀವೇ ಓದಬಹುದು.

ನಾಟಕದ ಹುಚ್ಚಿದೆಯೇ? 1843ರಲ್ಲಿ ವಿಷ್ಣುದಾಸ ಭಾವೆ ಸಾಂಗಲಿಯಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಅಲ್ಲಿಂದ ಎಣಿಸುತ್ತದೆ. ಅದಕ್ಕೆ ಸ್ವಲ್ಪ ಮೊದಲು ಉತ್ತರ ಕನ್ನಡದ ಕಡೆಯಿಂದ ಬಂದ ಭಾಗವತ ಮೇಳವೊಂದು ಸಾಂಗಲಿಯಲ್ಲಿ ಆಡಿದ ಆಟ ನೋಡಿ, ಅಂಥದ್ದನ್ನು ಮರಾಠಿಯಲ್ಲೂ ಮಾಡು ಎಂದು ರಾಜರು ಭಾವೆಯವರಿಗೆ ಹೇಳಿದ್ದರು. ಈ ಎಳೆ ಹಿಡಿದು ಯಕ್ಷಗಾನದ ಪಾಠಕ್ಕೂ ಹೋಗಬಹುದು, ಮರಾಠಿ ನಾಟಕದ ಚರಿತ್ರೆಗೂ ಹೋಗಬಹುದು. ಸಾಹಿತ್ಯ ಬೇಕೆಂದರೆ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಿಂದಲೇ ಶುರು ಮಾಡಿ. 1919ರಲ್ಲಿ ಆರಂಭವಾದ ಆ ಕಾಲೇಜಿನಲ್ಲಿ ರಂ. ಶ್ರೀ. ಮುಗಳಿಯವರು ಕನ್ನಡ ಕಲಿಸಿದರು, ವಿ. ಕೃ. ಗೋಕಾಕರು ಪ್ರಾಂಶುಪಾಲರಾಗಿದ್ದರು. ಮುಗಳಿಯವರ ‘ಕನ್ನಡ ಸಾಹಿತ್ಯ ಚರಿತ್ರೆ’ಗೆ 1956ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದ ಅಷ್ಟು ದೊಡ್ಡ ಮೇಷ್ಟ್ರು ನಿಮ್ಮ ಪೇಟೆಯ ದಾರಿಯಲ್ಲೇ ಪಾಠ ಹೇಳಿದ್ದಾರೆ.

2. ಬಾಯಲ್ಲಿರುವ ಕನ್ನಡವನ್ನು ಕಣ್ಣಿಗೂ ತನ್ನಿ.

ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ಮರಾಠಿ ಓದಿದವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಇನ್ನೊಂದಿಲ್ಲ. ಹೊಸ ಭಾಷೆ ಕಲಿಯುವ ತ್ರಾಸು ಇಲ್ಲ, ಶಬ್ದಗಳು ಎದೆಯಲ್ಲೇ ಇವೆ. ದೇವನಾಗರಿಗೂ ಕನ್ನಡಕ್ಕೂ ಮೂಲ ಬ್ರಾಹ್ಮಿ ಲಿಪಿ. ಕ ಖ ಗ ಘ ಸಾಲು ಎರಡರಲ್ಲೂ ಒಂದೇ, ಮರಾಠಿಯಲ್ಲಿ ಳ ಕೂಡ ಇದೆ.

ಹೊಸದಾಗಿ ಬರುವುದು ಮೂರೇ ಸಂಗತಿ. ಕನ್ನಡದಲ್ಲಿ ಎ ಬೇರೆ, ಏ ಬೇರೆ. ಒ ಬೇರೆ, ಓ ಬೇರೆ. ಮರಾಠಿಯಲ್ಲಿ ಆ ಭೇದ ಬರೆಯುವುದಿಲ್ಲ. ಎರಡನೆಯದು ಒತ್ತಕ್ಷರ: ದೇವನಾಗರಿಯಲ್ಲಿ ಅಕ್ಷರಗಳು ಬಹುಮಟ್ಟಿಗೆ ಪಕ್ಕಪಕ್ಕದಲ್ಲಿ ಕೂಡುತ್ತವೆ, ಕನ್ನಡದಲ್ಲಿ ಎರಡನೆಯದು ಕೆಳಗಿಳಿದು ಕೂರುತ್ತದೆ. ‘ಅಪ್ಪ’, ‘ಅಕ್ಕ’, ‘ಅಜ್ಜ’, ‘ಕಟ್ಟಿ’ ಬರೆದು ನೋಡಿ, ಒಂದು ವಾರದಲ್ಲಿ ಕಣ್ಣಿಗೆ ಒಗ್ಗುತ್ತದೆ. ಮೂರನೆಯದು ಒಂದನ್ನೊಂದು ಹೋಲುವ ಅಕ್ಷರಗಳು: ವ, ಮ, ಪ, ಷ, ಫ, ದ, ಧ. ಇವುಗಳಿಗೆ ಮಾತ್ರ ತಾಳ್ಮೆ ಬೇಕು.

ಓದಲು ಪುಸ್ತಕ ಹುಡುಕುವ ಮೊದಲು ಮಿರಜದ ಬಸ್ ಸ್ಟ್ಯಾಂಡಿಗೆ ಹೋಗಿ. ಕರ್ನಾಟಕದ ಬಸ್ಸುಗಳ ಹಣೆಯ ಮೇಲೆ ಅಥಣಿ, ಕಾಗವಾಡ, ಚಿಕ್ಕೋಡಿ ಎಂದು ಕನ್ನಡದಲ್ಲಿ ಬರೆದಿರುತ್ತದೆ. ಊರಿನ ಹೆಸರು ನಿಮಗೆ ಗೊತ್ತೇ ಇದೆ, ಅಕ್ಷರವನ್ನು ಅದಕ್ಕೆ ಹೊಂದಿಸಿ ನೋಡುವುದಷ್ಟೇ ಕೆಲಸ. ಆಮೇಲೆ ವಚನಗಳಿಗೆ ಬನ್ನಿ. ‘ವಚನ ಸಂಚಯ’ ಎಂಬ ಜಾಲತಾಣದಲ್ಲಿ 20,000ಕ್ಕೂ ಹೆಚ್ಚು ವಚನಗಳು ಪುಕ್ಕಟೆಯಾಗಿ ಸಿಗುತ್ತವೆ. ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಳೆಗರಿ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ ಅಚ್ಚು ಹಾಕಿಸಿದವರು. ಅವರು ಪಟ್ಟ ಕಷ್ಟದ ಫಲ ಇವತ್ತು ನಿಮ್ಮ ಅಂಗೈಯಲ್ಲಿದೆ. ವಚನಗಳು ಚಿಕ್ಕವು, ಎಷ್ಟೋ ನಿಮಗೆ ಬಾಯಿಪಾಠ ಬರುತ್ತವೆ. ಬಾಯಿಗೆ ಬರುವುದನ್ನೇ ಅಕ್ಷರದಲ್ಲಿ ನೋಡುತ್ತ ಹೋದರೆ ಓದು ತಾನಾಗಿ ಬರುತ್ತದೆ.

ನಡುವೆ ತಡವರಿಸಿದರೆ ‘ಅಕ್ಷರಮುಖ’ ಎಂಬ ಸಾಧನವಿದೆ. ಕನ್ನಡದ ಸಾಲನ್ನು ಅದರಲ್ಲಿ ಹಾಕಿದರೆ ದೇವನಾಗರಿಗೆ ತಿರುಗಿಸಿ ತೋರಿಸುತ್ತದೆ. ಅದನ್ನು ಊರುಗೋಲಿನಂತೆ ಮೊದಲ ತಿಂಗಳು ಹಿಡಿಯಿರಿ, ಆಮೇಲೆ ಬಿಡಿ. ಜೈನ ಮನೆತನದವರಿಗೆ ಇನ್ನೊಂದು ಆಸೆ ಇರಬಹುದು: ರತ್ನಾಕರವರ್ಣಿಯ ‘ಭರತೇಶ ವೈಭವ’ವನ್ನು ಮೂಲದಲ್ಲೇ ಓದುವುದು. ಅದು ಸಾಂಗತ್ಯದಲ್ಲಿ ಇದೆ, ಹಾಡಲು ಬರುತ್ತದೆ. ವರ್ಷದ ಗುರಿ ಇಟ್ಟುಕೊಳ್ಳುವುದಾದರೆ ಇದು ಯೋಗ್ಯ ಗುರಿ.

3. ಕಣ್ಣು, ಕಿವಿಗೆ ಮೊದಲು ಅನುಕೂಲ ಮಾಡಿಕೊಡಿ.

ಪಾಠ ತಲೆಗೆ ಹೋಗುತ್ತಿಲ್ಲ ಅನ್ನುವವರಲ್ಲಿ ಎಷ್ಟೋ ಮಂದಿಗೆ ಪಾಠ ಕಾಣಿಸುತ್ತಿರುವುದೂ ಇಲ್ಲ, ಸರಿಯಾಗಿ ಕೇಳಿಸುತ್ತಿರುವುದೂ ಇಲ್ಲ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು. ಸ, ಶ, ಫ ಇಂಥ ಸಣ್ಣ ಸದ್ದಿನ ವ್ಯಂಜನಗಳು ಜಾರಿಹೋಗುತ್ತವೆ, ಅ ಆ ಓ ಮಾತ್ರ ಗಟ್ಟಿಯಾಗಿ ಕೇಳುತ್ತವೆ. ‘ಕೇಳಸ್ತದ, ಆದ್ರ ತಿಳಿಯೂದಿಲ್ಲ’ ಅನ್ನುವುದು ಇದಕ್ಕೇ. ಫೋನಿನ ಸಣ್ಣ ಸ್ಪೀಕರಿನಲ್ಲಿ ಆ ತೊಂದರೆ ಇನ್ನೂ ಹೆಚ್ಚು. ಎರಡೂ ಕಿವಿ ಮುಚ್ಚುವ ದೊಡ್ಡ ಹೆಡ್‌ಫೋನ್ ತರಿಸಿಕೊಳ್ಳಿ. ಯೂಟ್ಯೂಬಿನಲ್ಲಿ ವೇಗವನ್ನು 0.75ಕ್ಕೆ ಇಳಿಸಿ. ಸೆಟ್ಟಿಂಗಿನಲ್ಲಿ ಅಕ್ಷರದ ಗಾತ್ರ ದೊಡ್ಡದು ಮಾಡಿಸಿ. ಮನೆಯ ಟಿವಿ ಸ್ಮಾರ್ಟ್ ಟಿವಿ ಆಗಿದ್ದರೆ ಪಾಠ ಟಿವಿಯಲ್ಲೇ ನೋಡಿ. ಫೋನನ್ನು ಕೈಯಲ್ಲಿ ಹಿಡಿದು ಗಂಟೆಗಟ್ಟಲೆ ಕುತ್ತಿಗೆ ಬಗ್ಗಿಸುವುದು ಬೇಡ.

ಮೋತಿಬಿಂದು ಇದ್ದರೆ ಮುಂದಕ್ಕೆ ಹಾಕಬೇಡಿ. 1890ರ ದಶಕದಲ್ಲಿ ವಿಲಿಯಂ ವಾನ್ಲೆಸ್ ಆಸ್ಪತ್ರೆ ಶುರು ಮಾಡಿದಂದಿನಿಂದ ಮಿರಜ ಡಾಕ್ಟರರ ಊರು. ಕಣ್ಣು ತೋರಿಸಲು ದೂರದೂರದವರು ಬಂದಿಳಿಯುವ ಊರಿಗೆ ನೀವು ಎಸ್‌ಟಿ ಹತ್ತಿದರೆ ಸಾಕು.

4. ಪಂಚಾಂಗದಲ್ಲಿ ಕಲಿಕೆಗೆ ಜಾಗ ಮಾಡಿ.

ಅರಿಶಿನ ಕಿತ್ತು ಬೇಯಿಸುವ ದಿನಗಳಲ್ಲಿ, ದ್ರಾಕ್ಷಿ ಇಳಿಸುವ ದಿನಗಳಲ್ಲಿ ಮನೆಯ ಹಿರಿಯರಿಗೂ ಪುರುಸೊತ್ತು ಇರುವುದಿಲ್ಲ. ಆಷಾಢದಲ್ಲಿ ಪಂಢರಪುರದ ವಾರಿ ಇದೆ. ಹನ್ನೆರಡು ವಾರದ ಕೋರ್ಸನ್ನು ಫೆಬ್ರುವರಿಯಲ್ಲಿ ಹಿಡಿದು ಮಾರ್ಚಿನಲ್ಲಿ ಕೈಬಿಟ್ಟರೆ ಸೋಲು ನಿಮ್ಮದಲ್ಲ, ತಿಂಗಳ ಆಯ್ಕೆ ತಪ್ಪಿತು ಅಷ್ಟೆ. ಮಳೆಗಾಲದ ನಡುವಿನಿಂದ ದೀಪಾವಳಿಯವರೆಗಿನ ಕಾಲ ದೊಡ್ಡ ಕೋರ್ಸಿಗೆ ಒಳ್ಳೆಯದು. ಸುಗ್ಗಿಯಲ್ಲಿ ಹತ್ತು ನಿಮಿಷದ ಬಿಡಿ ಪಾಠ ಸಾಕು.

ದಿನದಲ್ಲಿ ಒಂದೇ ಹೊತ್ತು ಗೊತ್ತು ಮಾಡಿ. ಪಂಪಿನ ಕರೆಂಟು ಹಗಲು–ರಾತ್ರಿ ಪಾಳಿಯಲ್ಲಿ ಬರುವುದರಿಂದ ರಾತ್ರಿ ನಿದ್ದೆಗೆಟ್ಟವರಿಗೆ ಬೆಳಗಿನ ಏಳು ಗಂಟೆಯ ಕ್ಲಾಸು ಕೂಡುವುದಿಲ್ಲ. ನೇರ ಪ್ರಸಾರದ ಪಾಠಕ್ಕಿಂತ ರೆಕಾರ್ಡ್ ಆದ ಪಾಠ ಅಂಥವರಿಗೆ ಮೇಲು.

5. ಡೇಟಾ ಲೆಕ್ಕ ಕಲಿಯಿರಿ.

ಸಾಧಾರಣ ಸ್ಪಷ್ಟತೆಯ ವಿಡಿಯೊ ಗಂಟೆಗೆ ಹೆಚ್ಚುಕಡಿಮೆ ಅರ್ಧ ಜಿಬಿ ತಿನ್ನುತ್ತದೆ. ಸ್ಪಷ್ಟತೆ ಏರಿಸಿದರೆ ಅದರ ಎರಡು, ಮೂರು ಪಟ್ಟು. ಮಾತಿನ ಪಾಠಕ್ಕೆ ಕಡಿಮೆ ಸ್ಪಷ್ಟತೆ ನಡೆಯುತ್ತದೆ. ವೈ–ಫೈ ಇರುವ ಮನೆಯಲ್ಲಿ ವಾರದ ಪಾಠಗಳನ್ನು ಇಳಿಸಿಟ್ಟುಕೊಂಡರೆ ತೋಟದ ಮನೆಯಲ್ಲಿ ನೆಟ್‌ವರ್ಕ್ ಇಲ್ಲದಾಗಲೂ ನೋಡಬಹುದು.

6. ಒಬ್ಬರೇ ಕಲಿಯಬೇಡಿ. ಐವರು ಕೂಡಿ.

ಹನ್ನೆರಡರಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ.

1973ರಲ್ಲಿ ಫ್ರಾನ್ಸಿನ ತುಲೂಸ್ ಊರಿನಲ್ಲಿ ಪಿಯೇರ್ ವೆಲ್ಲಾಸ್ ಎಂಬ ಪ್ರಾಧ್ಯಾಪಕರು ನಿವೃತ್ತರಿಗಾಗಿ ಒಂದು ಕಲಿಕೆಯ ಏರ್ಪಾಡು ಶುರು ಮಾಡಿ ಅದನ್ನು ‘ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ’ ಎಂದರು. ಅಲ್ಲಿ ವಿಶ್ವವಿದ್ಯಾಲಯದ ಮೇಷ್ಟ್ರುಗಳು ಬಂದು ಪಾಠ ಮಾಡುತ್ತಿದ್ದರು. ಎಂಬತ್ತರ ದಶಕದ ಆರಂಭದಲ್ಲಿ ಇದು ಬ್ರಿಟನ್ನಿಗೆ ಹೋದಾಗ ಪೀಟರ್ ಲ್ಯಾಸ್ಲೆಟ್, ಮೈಕೇಲ್ ಯಂಗ್, ಎರಿಕ್ ಮಿಡ್‌ವಿಂಟರ್ ಅದರ ರೀತಿಯನ್ನೇ ಬದಲಿಸಿದರು. ಪರೀಕ್ಷೆ ಇಲ್ಲ, ಪದವಿ ಇಲ್ಲ, ಸಂಬಳದ ಮೇಷ್ಟ್ರೂ ಇಲ್ಲ. ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳುವುದು, ನಾಳೆ ಅವರು ಇವರಿಗೆ ಹೇಳುವುದು. ಒಬ್ಬರ ಮನೆಯ ಹಜಾರದಲ್ಲಿ ಹತ್ತು ಮಂದಿ ಕೂತರೆ ಅದೇ ತರಗತಿ. ಇವತ್ತಿಗೂ ಅಲ್ಲಿ ಅದು ನಡೆದಿದೆ.

ಇದರಲ್ಲಿ ನಮಗೆ ಹೊಸದೇನಿದೆ? ಗುಡಿಯ ಕಟ್ಟೆಯ ಮೇಲೆ ಭಜನೆ ಕಲಿತದ್ದು ಹೀಗೇ. ಹೆಣ್ಣುಮಕ್ಕಳು ಬಚತ್ ಗಟದಲ್ಲಿ ಬ್ಯಾಂಕಿನ ವ್ಯವಹಾರ ಕಲಿತದ್ದೂ ಹೀಗೇ. ಆ ಬಚತ್ ಗಟದ ಐದಾರು ಜನರೇ ವಾರಕ್ಕೆರಡು ಮಧ್ಯಾಹ್ನ ಒಂದು ಮನೆಯಲ್ಲಿ ಕೂಡಲಿ. ಒಂದು ಫೋನು ಅಥವಾ ಟಿವಿ, ಒಂದು ಪಾಠ. ಇಪ್ಪತ್ತು ನಿಮಿಷ ನೋಡುವುದು, ಇಪ್ಪತ್ತು ನಿಮಿಷ ಅದರ ಮೇಲೆ ಮಾತಾಡುವುದು. ಬೇಕಾದಲ್ಲಿ ನಿಲ್ಲಿಸಿ ‘ಅಂವಾ ಏನಂದ? ಹಿಂದ ಒಯ್ರಿ’ ಎಂದು ಕೇಳುವ ಧೈರ್ಯ ಬಳಗದಲ್ಲಿ ಬರುತ್ತದೆ. ಒಂದು ದಿನ ತಪ್ಪಿಸಿದರೆ ‘ಯಾಕ ಬರಲಿಲ್ಲ ವೈನೀ?’ ಎಂದು ಕೇಳುವವರು ಇರುತ್ತಾರೆ. ದೂರದ ಯಾವ ಮೇಷ್ಟ್ರೂ ಆ ಮಾತು ಕೇಳಲಾರರು.

ಬಳಗಕ್ಕೆ ಒಬ್ಬ ಮುಖ್ಯಸ್ಥ ಬೇಡ, ಪಾಳಿ ಇರಲಿ. ಈ ವಾರ ಪಾಠ ಹಚ್ಚಿ ತೋರಿಸುವವರು ಒಬ್ಬರು, ಮುಂದಿನ ವಾರ ಇನ್ನೊಬ್ಬರು. ಪಾಳಿ ಬಂದವರು ಪಾಠವನ್ನು ಮೊದಲೇ ನೋಡಿಕೊಂಡು ಬರಬೇಕು. ಹೀಗೆ ಮಾಡಿದರೆ ಫೋನಿಗೆ ಹೆದರುವವರಿಗೂ ಕೈ ಕುದುರುತ್ತದೆ.

7. ಹಾಡು ಕಲಿಯುವವರಿಗೆ: ತಂಬೂರಿಯನ್ನು ನಿಮ್ಮ ಕಡೆ ಇಟ್ಟುಕೊಳ್ಳಿ.

ಸಂಗೀತ ಕಲಿಯುವ ಆಸೆ ಈ ಸೀಮೆಯಲ್ಲಿ ಸಹಜ. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಮಿರಜದಲ್ಲಿ ನೆಲೆ ನಿಂತರು. 1937ರಲ್ಲಿ ಅವರು ತೀರಿಕೊಂಡಮೇಲೆ ಮೀರಾಸಾಹೇಬರ ದರ್ಗಾದಲ್ಲಿ ಅವರ ನೆನಪಿಗೆ ಸಂಗೀತ ಸಭೆ ನಡೆಯುತ್ತ ಬಂದಿದೆ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು, ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ಲ ಮತ್ತು ಭೀಮಸೇನ ಜೋಶಿ. ಧಾರವಾಡ ಸೀಮೆಗೆ ಈ ಗಾಯನ ಹರಿದದ್ದು ಮಿರಜದ ದಾರಿಯಿಂದ. ದೇಶದ ದೊಡ್ಡ ದೊಡ್ಡ ಗಾಯಕರ ಹಿಂದೆ ಕೂತ ತಂಬೂರಿಗಳನ್ನು ಮಾಡಿದ್ದು ಮಿರಜದ ಸತಾರಮೇಕರ ಮನೆತನಗಳು. ಮಿರಜದ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು.

ಆನ್‌ಲೈನಿನಲ್ಲಿ ಹಾಡು ಕಲಿಯುವಾಗ ಎರಡು ಅಡ್ಡಿ ಬರುತ್ತವೆ. ಒಂದು, ಸದ್ದು ತಡವಾಗಿ ಮುಟ್ಟುವುದು. ಗುರು ಅಲ್ಲಿ ಹಾಡಿದ್ದು ನಿಮಗೆ ಕೇಳುವಷ್ಟರಲ್ಲಿ, ನೀವು ಹಾಡಿದ್ದು ಅವರಿಗೆ ಮುಟ್ಟುವಷ್ಟರಲ್ಲಿ ಕ್ಷಣದ ಒಂದು ಪಾಲು ಕಳೆದಿರುತ್ತದೆ. ಆದ್ದರಿಂದ ಇಬ್ಬರೂ ಕೂಡಿ ಹಾಡಲು ಬರುವುದಿಲ್ಲ, ತಾಳ ಒಡೆಯುತ್ತದೆ. ಗುರು ಒಂದು ಸಾಲು ಹೇಳುವುದು, ನಿಲ್ಲಿಸುವುದು, ನೀವು ತಿರುಗಿ ಹೇಳುವುದು: ಇದೊಂದೇ ದಾರಿ. ಗುಂಪಿನಲ್ಲಿ ಉಳಿದವರು ಮೈಕು ಮುಚ್ಚಿಕೊಂಡು ತಮ್ಮಷ್ಟಕ್ಕೆ ಹಾಡಬೇಕು.

ಎರಡನೆಯ ಅಡ್ಡಿ ಬಹಳ ಜನರಿಗೆ ತಿಳಿಯದು. ಝೂಮ್, ಮೀಟ್‌ಗಳಲ್ಲಿ ಫ್ಯಾನಿನ ಗುಂಯ್‌ಗುಟ್ಟುವಿಕೆಯಂಥ ಸದ್ದನ್ನು ಅಡಗಿಸುವ ಏರ್ಪಾಡು ಇರುತ್ತದೆ. ಒಂದೇ ಸಮನೆ ಮಿಡಿಯುವ ತಂಬೂರಿಯ ನಾದವೂ ಅದಕ್ಕೆ ಫ್ಯಾನಿನ ಸದ್ದೇ! ಅದನ್ನು ಅಳಿಸಿಹಾಕುತ್ತದೆ, ಉದ್ದಕ್ಕೆ ಹಿಡಿದ ಸ್ವರವನ್ನೂ ನಡುನಡುವೆ ಕತ್ತರಿಸುತ್ತದೆ. ಝೂಮ್‌ನಲ್ಲಿ ಸದ್ದನ್ನು ಇದ್ದಂತೆ ಕಳಿಸುವ ಆಯ್ಕೆ ಇದೆ, ಅದನ್ನು ಹಚ್ಚಿಸಿಕೊಳ್ಳಿ. ಶ್ರುತಿಯನ್ನು ಗುರುವಿನ ಕಡೆಯಿಂದ ನಿರೀಕ್ಷಿಸಬೇಡಿ. ನಿಮ್ಮ ಕಡೆಯೇ ತಂಬೂರಿ ಇರಲಿ, ಅಥವಾ ಇನ್ನೊಂದು ಫೋನಿನಲ್ಲಿ ತಂಬೂರಿಯ ಆ್ಯಪ್ ಇರಲಿ. ಮಿರಜದಲ್ಲಿದ್ದುಕೊಂಡು ಒಮ್ಮೆ ನಿಜವಾದ ತಂಬೂರಿಯ ಮುಂದೆ ಕೂತು ಕೇಳದಿದ್ದರೆ ಮಾತ್ರ ದೊಡ್ಡ ನಷ್ಟ. ಮಾಡುವವರ ಅಂಗಡಿಗೆ ಹೋಗಿ, ತಂತಿಯ ನಾದಕ್ಕೆ ಗುಂಗು ತರುವ ಜವಾರಿಯನ್ನು ಹೇಗೆ ಕೂರಿಸುತ್ತಾರೆ ನೋಡಿ ಬನ್ನಿ. ಯಾವ ಪರದೆಯಲ್ಲೂ ಸಿಗದ ಪಾಠ ಅದು.

8. ಕೋರ್ಸು ಆರಿಸುವಾಗ ಎರಡು ಪಾಠ ರುಚಿ ನೋಡಿ.

ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ‘ಸ್ವಯಂ’ ತಾಣದಲ್ಲಿ ಇತಿಹಾಸ, ತತ್ವಶಾಸ್ತ್ರ, ಕೃಷಿ, ಮನಃಶಾಸ್ತ್ರ ಹೀಗೆ ನೂರಾರು ಕೋರ್ಸುಗಳಿವೆ. ಕಲಿಯಲು ದುಡ್ಡಿಲ್ಲ, ಪ್ರಮಾಣಪತ್ರ ಬೇಕೆಂದು ಪರೀಕ್ಷೆ ಬರೆಯುವವರಿಗೆ ಮಾತ್ರ ಶುಲ್ಕ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಕೋರ್ಸಿಗೆ ಪರೀಕ್ಷೆಯ ಗೋಜು ಬೇಡ. ಹೆಚ್ಚಿನ ಪಾಠಗಳು ಇಂಗ್ಲಿಷಿನಲ್ಲಿ ಇರುತ್ತವೆ, ಆದ್ದರಿಂದ ಭಾಷೆ ಯಾವುದೆಂದು ಮೊದಲು ನೋಡಿ. ಇಂಟರ್ನೆಟ್ ಸಾಲದ ಮನೆಗೆ ‘ಸ್ವಯಂ ಪ್ರಭಾ’ ಟಿವಿ ವಾಹಿನಿಗಳಿವೆ. ಕನ್ನಡದ ಹಳೆಯ ಪುಸ್ತಕಗಳಿಗೆ ವಿಕಿಸೋರ್ಸ್, ಇಂಟರ್ನೆಟ್ ಆರ್ಕೈವ್. ನಿಘಂಟುಗಳಿಗೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’.

ಖಾಸಗಿ ಕ್ಲಾಸಿಗೆ ವರ್ಷದ ಶುಲ್ಕವನ್ನು ಒಮ್ಮೆಗೇ ಕಟ್ಟಬೇಡಿ. ಮೊದಲ ಎರಡು ಪಾಠ ನೋಡಿ: ಮೇಷ್ಟ್ರ ಮಾತಿನ ವೇಗ, ಪ್ರಶ್ನೆಗೆ ಉತ್ತರಿಸುವ ರೀತಿ, ಪಾಠದ ಉದ್ದ. ನಲವತ್ತು ನಿಮಿಷಕ್ಕಿಂತ ಉದ್ದದ ಪಾಠಕ್ಕೆ ನಡುವೆ ವಿರಾಮ ಬೇಕು. ನೀವೇ ಬಳಗದ ಮೀಟಿಂಗ್ ಕರೆಯುವುದಾದರೆ ಪುಕ್ಕಟೆ ಝೂಮ್ 40 ನಿಮಿಷಕ್ಕೆ ಮುಗಿಯುತ್ತದೆ, ಮೂರು ಮತ್ತು ಹೆಚ್ಚಿನ ಜನರ ಪುಕ್ಕಟೆ ಗೂಗಲ್ ಮೀಟ್ ಒಂದು ಗಂಟೆಗೆ ಮುಗಿಯುತ್ತದೆ. ಹಿರಿಯರ ಬೆನ್ನಿಗೆ ಆ ಮಿತಿ ಒಳ್ಳೆಯದೇ.

9. ಕೈಯಿಂದ ಬರೆಯಿರಿ, ಅಂತರ ಬಿಟ್ಟು ನೆನಪಿಸಿಕೊಳ್ಳಿ.

ವಯಸ್ಸಾದಂತೆ ಕಡಿಮೆಯಾಗುವುದು ಹೆಚ್ಚಾಗಿ ವೇಗ. ಅಮೆರಿಕದ ಸಿಯಾಟಲ್‌ನಲ್ಲಿ 1956ರಲ್ಲಿ ವಾರ್ನರ್ ಶಾಯಿ ಶುರು ಮಾಡಿದ ಅಧ್ಯಯನ ಅವೇ ಜನರನ್ನು ದಶಕಗಟ್ಟಲೆ ಹಿಂಬಾಲಿಸಿ ನೋಡಿತು. ಅದರಲ್ಲಿ ಕಂಡದ್ದು: ಬುದ್ಧಿಯ ಎಲ್ಲ ಶಕ್ತಿಗಳೂ ಒಮ್ಮೆಗೇ ಇಳಿಯುವುದಿಲ್ಲ; ಥಟ್ಟನೆ ಮಾಡುವ ಚುರುಕು ಮೊದಲು ಇಳಿಯುತ್ತದೆ, ಶಬ್ದಸಂಪತ್ತು ಬಹಳ ಕಾಲ ಉಳಿಯುತ್ತದೆ. ಹಾಗಾಗಿ ಅವಸರ ಬೇಡ, ಮಾತಿನ ಮೂಲಕ ಕಲಿಯಿರಿ.

1885ರಲ್ಲೇ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಮರೆವಿನ ಮೇಲೆ ಪ್ರಯೋಗ ಮಾಡಿ ತೋರಿಸಿದ: ಒಂದೇ ದಿನ ಗಟ್ಟಿ ಹೊಡೆಯುವುದಕ್ಕಿಂತ ದಿನ ಬಿಟ್ಟು ತಿರುಗಿ ನೋಡಿದರೆ ಹೆಚ್ಚು ಉಳಿಯುತ್ತದೆ. ಇವತ್ತಿನ ಪಾಠವನ್ನು ನಾಳೆ ಒಮ್ಮೆ, ಮೂರು ದಿನಕ್ಕೆ ಒಮ್ಮೆ, ವಾರಕ್ಕೆ ಒಮ್ಮೆ ನೆನಪಿಸಿಕೊಳ್ಳಿ. ನೆನಪಿಸಿಕೊಳ್ಳುವಾಗ ವಹಿ ಮುಚ್ಚಿರಲಿ, ಮನಸ್ಸಿಗೆ ಬಂದಷ್ಟು ಬರೆದಮೇಲೆ ತೆರೆದು ನೋಡಿ. ಎಲೆ ಕೊಯ್ಯುವಾಗ, ಕಾಯಿಪಲ್ಯ ಹೆಚ್ಚುವಾಗ ಮನಸ್ಸಿನಲ್ಲೇ ಪಾಠ ಹೇಳಿಕೊಂಡರೂ ಆದೀತು.

10. ಮೊಮ್ಮಕ್ಕಳಿಂದ ಕಲಿಯಿರಿ, ಕೆಲಸ ಮಾತ್ರ ನೀವೇ ಮಾಡಿ.

ಫೋನಿನಲ್ಲಿ ಏನಾದರೂ ಸಿಕ್ಕಿಹಾಕಿಕೊಂಡರೆ ಮೊಮ್ಮಗ ಬರುತ್ತಾನೆ, ‘ಕೊಡ ಅಜ್ಜಾ, ನಾ ಮಾಡ್ತೇನಿ’ ಅನ್ನುತ್ತಾನೆ, ಎರಡು ಸಲ ಬೆರಳಾಡಿಸಿ ಕೊಟ್ಟು ಆಡಲು ಓಡುತ್ತಾನೆ. ನಾಳೆ ಮತ್ತೆ ಅದೇ ತೊಡಕು. ‘ಬ್ಯಾಡೋ ತಮ್ಮಾ, ನೀ ಹೇಳು, ನಾ ಒತ್ತತೇನಿ’ ಎಂದು ಫೋನನ್ನು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ. ಹೆಜ್ಜೆಗಳನ್ನು ವಹಿಯಲ್ಲಿ ಚಿತ್ರ ಸಮೇತ ಬರೆದಿಡಿ.

ಇಲ್ಲಿ ಸರ್ಕಾರಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಹಳ್ಳಿಗರಿಗೆ ಕಂಪ್ಯೂಟರು, ಫೋನು ಕಲಿಸಲು 2017ರಲ್ಲಿ ಬಂದ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ 14ರಿಂದ 60 ವರ್ಷದವರಿಗೆ ಮಾತ್ರ ಇತ್ತು. ಪಿಂಚಣಿ, ರೇಶನ್ನು, ಬ್ಯಾಂಕು ಎಲ್ಲ ಫೋನಿಗೆ ಬಂದ ಹೊತ್ತಿನಲ್ಲಿ ಅರವತ್ತು ದಾಟಿದವರನ್ನು ಹೊರಗೆ ಬಿಟ್ಟದ್ದು ಸರಿಯಲ್ಲ. ಮುಂದೆ ಬರುವ ಯೋಜನೆಗಳಲ್ಲಿ ಆ ಮಿತಿ ಇರಕೂಡದು ಎಂದು ಗ್ರಾಮಸಭೆಯಲ್ಲಿ ಎದ್ದು ಹೇಳಿ.

11. ಕಲಿಕೆಗೆ ಒಟಿಪಿ ಬೇಡ.

ಪಾಠ ಹೇಳುವ ಯಾರೂ ಫೋನ್ ಮಾಡಿ ಒಟಿಪಿ, ಬ್ಯಾಂಕಿನ ಪಿನ್ ಕೇಳುವುದಿಲ್ಲ. ದುಡ್ಡು ಬರಲು ಪಿನ್ ಒತ್ತಬೇಕಾಗಿಲ್ಲ, ಹೋಗಲು ಮಾತ್ರ ಒತ್ತಬೇಕು. ವಿಡಿಯೊ ಕರೆಯಲ್ಲಿ ಪೊಲೀಸರ ವೇಷದಲ್ಲಿ ಬಂದು ‘ಡಿಜಿಟಲ್ ಅರೆಸ್ಟ್’ ಎಂದರೆ ಕರೆ ಕಡಿದುಬಿಡಿ, ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಮೋಸ ಆಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ನಾಚಿಕೆಯಿಂದ ಮನೆಯವರಿಗೆ ಹೇಳದೆ ಕೂತವರೇ ಹೆಚ್ಚು ಕಳೆದುಕೊಂಡಿದ್ದಾರೆ. ಈ ಮಾತುಗಳನ್ನು ಬಳಗದ ಮೊದಲ ದಿನವೇ ಎಲ್ಲರೂ ಬರೆದುಕೊಳ್ಳಿ.

12. ಕಲಿತದ್ದಕ್ಕೆ ಪ್ರತಿಯಾಗಿ ನಿಮ್ಮಲ್ಲಿದ್ದದ್ದನ್ನು ಕೊಡಿ.

ಕಲಿಯಲು ವಯಸ್ಸಾಯಿತು ಅನ್ನುವವರಿಗೆ ಉದಾಹರಣೆ ಬೇಕಾದಷ್ಟಿವೆ. ಕೇರಳದ ಕಾರ್ತ್ಯಾಯಿನಿ ಅಮ್ಮ 2018ರಲ್ಲಿ, 96ರ ವಯಸ್ಸಿನಲ್ಲಿ ಸಾಕ್ಷರತಾ ಪರೀಕ್ಷೆ ಬರೆದು ನೂರಕ್ಕೆ 98 ಅಂಕ ಪಡೆದರು. ಮಹಾರಾಷ್ಟ್ರದಲ್ಲೇ ಠಾಣೆ ಜಿಲ್ಲೆಯ ಫಾಂಗಣೆಯಲ್ಲಿ 2016ರಿಂದ ‘ಆಜೀಬಾಯಿಚೀ ಶಾಳಾ’ ನಡೆಯಿತು. ಅಜ್ಜಿಯರು ಗುಲಾಬಿ ಸೀರೆ ಉಟ್ಟು ಪಾಟಿಚೀಲ ಹಾಕಿಕೊಂಡು ಬಂದರು. ಧಾರವಾಡದ ಮಾರ್ಕಂಡೇಯ ದೊಡಮನಿಯವರು ಎಂಬತ್ತೊಂಬತ್ತರಲ್ಲಿ ಶರಣ ಡೋಹರ ಕಕ್ಕಯ್ಯನ ಮೇಲೆ ಪಿಎಚ್‌.ಡಿ. ಪಡೆದರು. ಇವರನ್ನು ಅಚ್ಚರಿಯಿಂದ ನೋಡಿ ಸುಮ್ಮನಾಗಬೇಡಿ. ಎಂಬತ್ತೊಂಬತ್ತು ವರ್ಷದವರೊಬ್ಬರು ಬರೆದ ಪ್ರಬಂಧ ಮುಂದಿನವರಿಗೆ ಆಕರವಾಗುತ್ತದೆ ಎಂಬುದನ್ನು ಗಮನಿಸಿ.

ನಿಮ್ಮಲ್ಲೂ ಅಂಥ ಆಕರ ಇದೆ. ಎಲೆತೋಟದ ಕೆಲಸಕ್ಕೆ ಸಂಬಂಧಿಸಿದ ಶಬ್ದಗಳನ್ನೇ ತೆಗೆದುಕೊಳ್ಳಿ. ಬಳ್ಳಿಗೆ ಆಸರೆಯಾಗಿ ನೆಡುವ ಗಿಡ, ಬಳ್ಳಿ ಇಳಿಸಿ ಮಣ್ಣು ಕೊಡುವ ಕೆಲಸ, ಎಲೆ ಎಣಿಸಿ ಕಟ್ಟುವ ಲೆಕ್ಕ, ಒಂದೊಂದಕ್ಕೂ ನಿಮ್ಮ ಮನೆಮಾತಿನಲ್ಲಿ ಹೆಸರಿದೆ. ಕನ್ನಡ, ಮರಾಠಿ ಎರಡೂ ಬೆರೆತ ಈ ಶಬ್ದಗಳು ಬೆಂಗಳೂರಿನ ನಿಘಂಟಿನಲ್ಲೂ ಪುಣೆಯ ಕೋಶದಲ್ಲೂ ಪೂರ್ತಿ ಸಿಗುವುದು ಅನುಮಾನ. ತೋಟಗಳು ದ್ರಾಕ್ಷಿಗೆ, ಕಬ್ಬಿಗೆ ತಿರುಗಿದರೆ ಆ ಶಬ್ದಗಳು ಕೆಲಸದ ಜೊತೆಗೇ ಹೋಗುತ್ತವೆ.

ಫೋನಿನಲ್ಲಿ ಧ್ವನಿ ಮುದ್ರಿಸುವುದನ್ನು ಬಳಗದ ಒಂದು ದಿನದ ಪಾಠವಾಗಿ ಇಟ್ಟುಕೊಳ್ಳಿ. ಒಬ್ಬರು ಕೇಳುವುದು, ಇನ್ನೊಬ್ಬರು ಹೇಳುವುದು, ಮೂರನೆಯವರು ಹೊಸದಾಗಿ ಕಲಿತ ಕನ್ನಡ ಅಕ್ಷರದಲ್ಲಿ ಬರೆಯುವುದು. ಶಬ್ದ, ಅದರ ಅರ್ಥ, ಹೇಳಿದವರ ಊರು, ತಾರೀಖು, ಇಷ್ಟು ಇದ್ದರೆ ಸಾಕು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಕ್ಕೆ ಯಾರು ಬೇಕಾದರೂ ಬರೆಯಬಹುದು. ಮಾಲಗಾಂವ, ಆರಗ, ಬೇಡಗ, ಹತ್ತಿರದ ದಂಡೋಬಾ ಗುಡ್ಡ, ಇವುಗಳ ಬಗ್ಗೆ ಅಚ್ಚಾದ ಪುಸ್ತಕದ ಆಧಾರ ಇಟ್ಟುಕೊಂಡು ಒಂದೊಂದು ಪ್ಯಾರಾ ಸೇರಿಸಲು ಬಳಗದ ಐವರಿಗೆ ಒಂದು ಮಳೆಗಾಲ ಸಾಕು. ಧ್ವನಿಮುದ್ರಣದ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿ ಊರ ಶಾಲೆಗೂ ಕೊಡಿ. ಮೇಷ್ಟ್ರು ಮಕ್ಕಳಿಗೆ ಕೇಳಿಸಿದ ದಿನ ನೀವೂ ಹೋಗಿ ಕೂತು, ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳಿ.